ಪರದೆಯ ಮೇಲಿನ ಹಡಗು, ಹರಿಯಬ್ಬೆಯ ಬಾಂದುಕಲ್ಲು

ಪ್ರೌಢಶಾಲೆಯ ಸಮಾಜ ವಿಜ್ಞಾನದಲ್ಲಿ ಬರುವ ‘ಭಾರತಕ್ಕೆ ಯುರೋಪಿಯನ್ನರ ಆಗಮನ’ ಎಂಬ ಪಾಠ ಮಕ್ಕಳ ತಲೆಗೆ ಹತ್ತಬೇಕಾದರೆ ಅದಕ್ಕೆ ಸಂಬಂಧಿಸಿದ ಸಾಕ್ಷ್ಯಚಿತ್ರವೊಂದನ್ನು ತೋರಿಸುವುದೇ ಸರಿಯಾದ ದಾರಿ ಎಂಬ ಅಭಿಪ್ರಾಯ ಇಂದು ಶಿಕ್ಷಕರ ತರಬೇತಿಗಳಲ್ಲಿಯೂ ಪೋಷಕರ ಸಭೆಗಳಲ್ಲಿಯೂ ಶಾಲೆಗೆ ಸ್ಮಾರ್ಟ್ ಕ್ಲಾಸ್ ಸಲಕರಣೆ ಕೊಡಿಸುವ ದಾನಿಗಳ ಮಾತಿನಲ್ಲಿಯೂ ಎದುರಾಡುವವರಿಲ್ಲದೆ ಬೇರೂರಿದೆ. ಇಸವಿಗಳ ಪಟ್ಟಿಯಿಂದ ಬೇಸತ್ತ ಮಕ್ಕಳು ಪರದೆಯ ಮೇಲೆ ಹಡಗು ತೇಲಿಬಂದೊಡನೆ ಎದ್ದು ಕೂರುತ್ತಾರೆ, ಕೋಟೆ ಕಟ್ಟುವುದನ್ನೂ ಫಿರಂಗಿ ಸಿಡಿಯುವುದನ್ನೂ ಕಂಡರೆ ಮರೆಯುವುದಿಲ್ಲ, ಪುಸ್ತಕ ಓದದ ಈ ತಲೆಮಾರಿಗೆ ಬೇರೆ ಉಪಾಯವಿಲ್ಲ ಎಂಬುದು ಈ ವಾದದ ಸಾರ. ವಾದಿಸುವವರಲ್ಲಿ ಬಹುಪಾಲು ಮಂದಿ ಮಕ್ಕಳ ಹಿತವನ್ನೇ ಬಯಸುವವರಾದ್ದರಿಂದ ಅವರ ಉದ್ದೇಶವನ್ನು ಶಂಕಿಸಬೇಕಾಗಿಲ್ಲ. ಆದರೆ ಆ ವಾದ ತಪ್ಪು. ಅದು ಮಕ್ಕಳ ಆಸಕ್ತಿಯನ್ನೂ ತಪ್ಪಾಗಿ ಅರಿತಿದೆ, ಚರಿತ್ರೆಯನ್ನೂ ತಪ್ಪಾಗಿ ಅರಿತಿದೆ. ಅದರಲ್ಲೂ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯಂಥ ಬಯಲುಸೀಮೆಯ ಶಾಲೆಗಳಿಗೆ ಅದು ಮಾಡುತ್ತಿರುವ ಹಾನಿ ಸಣ್ಣದಲ್ಲ.

ವಸಾಹತು ನೆಲೆ ಎಂದರೆ ಹೊರನಾಡಿನಿಂದ ಬಂದ ವ್ಯಾಪಾರಿಗಳೋ ಸೈನಿಕರೋ ಪರರ ನೆಲದಲ್ಲಿ ಕಟ್ಟಿಕೊಂಡ ಬೀಡು. ಸರಕು ಕೂಡಿಡುವ ಕೋಠಿ, ಅದನ್ನು ಕಾಯುವ ಕೋಟೆ, ಸುತ್ತ ಬೆಳೆಯುವ ಪೇಟೆ ಇವೆಲ್ಲ ಅದರ ಅಂಗಗಳು. ಅಮೆರಿಕದಲ್ಲಿ 1607ರಲ್ಲಿ ಇಂಗ್ಲಿಷರು ಹೂಡಿದ ಜೇಮ್ಸ್‌ಟೌನ್, ಪೋರ್ಚುಗೀಸರು 1510ರಲ್ಲಿ ಹಿಡಿದ ಗೋವೆ, ಇಂಗ್ಲಿಷ್ ಕಂಪನಿಗೆ 1639ರಲ್ಲಿ ಸಿಕ್ಕ ಮದರಾಸು, ಕೋರ್ಟೀನ್ ಎಂಬಾತನ ವ್ಯಾಪಾರಿ ಕೂಟ 1638ರಲ್ಲಿ ಕಾರವಾರದಲ್ಲಿ ತೆರೆದ ಕೋಠಿ ಇವೆಲ್ಲ ಅಂಥ ನೆಲೆಗಳೇ. ಇವುಗಳಲ್ಲಿ ಜಗತ್ತಿನ ದೊಡ್ಡ ಚಿತ್ರಸಂಸ್ಥೆಗಳ ಕಣ್ಣಿಗೆ ಬಿದ್ದವುಗಳ ಮೇಲೆ ಹಣ ಸುರಿದು ತಯಾರಿಸಿದ ಚಿತ್ರಗಳಿವೆ, ಕಾರವಾರದಂಥವುಗಳ ಮೇಲೆ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಹೀಗಾಗಿ ಯಾವುದು ಚಿತ್ರವಾಗಿದೆಯೋ ಅದೇ ಚರಿತ್ರೆ, ಚಿತ್ರವಾಗದಿದ್ದದ್ದು ನಡೆದೇ ಇಲ್ಲ ಎಂಬ ಭಾವನೆ ಮೊದಲ ಹೆಜ್ಜೆಯಲ್ಲಿಯೇ ವಿದ್ಯಾರ್ಥಿಯ ಮನಸ್ಸಿನಲ್ಲಿ ಕೂರುತ್ತದೆ. ಕಾರವಾರದ ಮಗುವಿಗೆ ಜೇಮ್ಸ್‌ಟೌನಿನ ಹಸಿವು ಗೊತ್ತಿದ್ದು ತನ್ನೂರಿನ ಮೆಣಸಿನ ಕೋಠಿ ಗೊತ್ತಿಲ್ಲದಿದ್ದರೆ ಆ ಮಗುವಿನ ತಪ್ಪೇನೂ ಇಲ್ಲ.

ಈ ಚಿತ್ರಗಳ ರಚನೆಯನ್ನು ಗಮನಿಸಿದರೆ ಅವು ಬಹುಮಟ್ಟಿಗೆ ಒಂದೇ ಅಚ್ಚಿನವು. ಕಥೆ ಹಡಗಿನಿಂದ ಆರಂಭವಾಗುತ್ತದೆ, ಕ್ಯಾಮೆರಾ ಬರುವವರ ಬೆನ್ನ ಹಿಂದೆ ನಿಂತು ದಡವನ್ನು ನೋಡುತ್ತದೆ, ದಡದಲ್ಲಿ ನಿಂತವರು ಮಾತಿಲ್ಲದ ನೆರಳುಗಳಾಗಿ ಕಾಣಿಸಿಕೊಳ್ಳುತ್ತಾರೆ, ಬರುವವರ ಹಸಿವು, ಭಯ, ಜಗಳ, ಸಾವುಗಳೇ ಕಥೆಯ ಏರಿಳಿತವಾಗುತ್ತವೆ. ಕೊನೆಗೆ ‘ಅವರು ಅನ್ಯಾಯ ಮಾಡಿದರು’ ಎಂಬ ಒಂದು ವಾಕ್ಯವನ್ನು ಸೇರಿಸಿದ ಮಾತ್ರಕ್ಕೆ ನೋಟದ ಜಾಗ ಬದಲಾಗುವುದಿಲ್ಲ, ಏಕೆಂದರೆ ಒಂದು ಗಂಟೆಯ ಕಾಲ ವಿದ್ಯಾರ್ಥಿ ಹಡಗಿನಲ್ಲಿಯೇ ಇದ್ದ. ದಡದವನಾಗಿ ಒಂದು ಕ್ಷಣವೂ ನಿಂತಿರಲಿಲ್ಲ. ದಡದಲ್ಲಿದ್ದವರ ಸಂತತಿಗೆ ಸೇರಿದ ಮಕ್ಕಳನ್ನು ಹಡಗಿಗೆ ಹತ್ತಿಸಿ ಅವರ ನೆಲವನ್ನೇ ಅವರಿಗೆ ದೂರದಿಂದ ತೋರಿಸುವ ಈ ಏರ್ಪಾಡನ್ನು ಬೋಧನೆಯ ಹೊಸ ಯುಗ ಎಂದು ಹೊಗಳುತ್ತಿರುವುದು ನೋವಿನ ಸಂಗತಿ.

ನೋಟದ ಜಾಗಕ್ಕಿಂತ ಗಂಭೀರವಾದ ದೋಷ ಪುರಾವೆಗೆ ಸಂಬಂಧಿಸಿದ್ದು. ಹದಿನಾರು, ಹದಿನೇಳನೆಯ ಶತಮಾನಗಳಲ್ಲಿ ಕ್ಯಾಮೆರಾ ಇರಲಿಲ್ಲವಾದ್ದರಿಂದ ಆ ಕಾಲದ ಚಿತ್ರ ಮಾಡುವವರು ನಟರಿಂದ ಘಟನೆಗಳನ್ನು ಆಡಿಸಬೇಕು, ಇಲ್ಲವೆ ಹಳೆಯ ವರ್ಣಚಿತ್ರಗಳನ್ನು ತೋರಿಸಬೇಕು. ವಾಸ್ಕೋ ಡ ಗಾಮ ಕಲ್ಲಿಕೋಟೆಯ ಸಾಮೂದಿರಿಯ ಎದುರು ನಿಂತಿರುವ ಪ್ರಸಿದ್ಧ ಚಿತ್ರ 1498ರದ್ದಲ್ಲ. ನಾನೂರನೆಯ ವರ್ಷದ ಸಂಭ್ರಮಕ್ಕಾಗಿ ವೆಲೋಸೊ ಸಲ್ಗಾದೊ ಎಂಬ ಕಲಾವಿದ 1898ರಲ್ಲಿ ಬರೆದದ್ದು. ಮೈಸೂರಿಗೆ ಸಂಬಂಧಿಸಿದ ಉದಾಹರಣೆ ಇನ್ನೂ ಸ್ಪಷ್ಟವಾಗಿದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮರುವರ್ಷವೇ ರಾಬರ್ಟ್ ಕೆರ್ ಪೋರ್ಟರ್ ಎಂಬ ಯುವಕ ಲಂಡನ್ನಿನಲ್ಲಿ ಆ ಕೋಟೆಯ ಲಗ್ಗೆಯನ್ನು ಸುಮಾರು 120 ಅಡಿ ಉದ್ದದ ಬೃಹತ್ ಬಟ್ಟೆಯ ಮೇಲೆ ಕೆಲವೇ ವಾರಗಳಲ್ಲಿ ಬರೆದು ಪ್ರದರ್ಶನಕ್ಕಿಟ್ಟ. ಆತ ಭಾರತವನ್ನು ಕಂಡವನೇ ಅಲ್ಲ. ಸುತ್ತುವರಿದ ಚಿತ್ರವನ್ನು ನೋಡಲು ಜನ ಹಣ ಕೊಟ್ಟು ನುಗ್ಗಿದರು, ತಾವೇ ಯುದ್ಧದ ನಡುವೆ ನಿಂತ ಹಾಗಾಯಿತೆಂದು ರೋಮಾಂಚನಗೊಂಡರು. ಮೂಲಚಿತ್ರ ಉಳಿಯಲಿಲ್ಲ, ಅದರಿಂದ ತೆಗೆದ ಅಚ್ಚುಚಿತ್ರಗಳು ಉಳಿದು, ಟಿಪ್ಪುವಿನ ಕಥೆ ಹೇಳುವವರಿಗೆ ಇಂದಿಗೂ ಸಿದ್ಧ ಸಾಮಗ್ರಿಯಾಗಿವೆ. ಗೆದ್ದವರ ಊರಿನಲ್ಲಿ, ಗೆದ್ದವರ ಸಂತೋಷಕ್ಕಾಗಿ, ಸ್ಥಳ ನೋಡದವನೊಬ್ಬ ಊಹಿಸಿ ಬರೆದದ್ದು ಪರದೆಯ ಮೇಲೆ ಗಂಭೀರ ಧ್ವನಿಯ ನಿರೂಪಣೆಯೊಂದಿಗೆ ಹಾದುಹೋದಾಗ ಹದಿನಾಲ್ಕು ವರ್ಷದ ವಿದ್ಯಾರ್ಥಿಗೆ ಅದು ಊಹೆ ಎಂದು ತಿಳಿಯುವ ದಾರಿ ಯಾವುದು? ನಿರೂಪಕ ಅಲ್ಲಿ ತಡೆದು ನಿಂತು, ಇದನ್ನು ಬರೆದವನು ಯಾರು ಎಂದು ಹೇಳುವುದಿಲ್ಲ. ಹೇಳಿದರೆ ಕಥೆಯ ಓಟ ಮುರಿಯುತ್ತದೆ.

ಓಟ ಮುರಿಯುವುದೇ ಚರಿತ್ರೆಯ ಅಧ್ಯಯನದ ಮೊದಲ ಲಕ್ಷಣ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. ಚರಿತ್ರೆ ಎಂದರೆ ನಡೆದದ್ದರ ಪ್ರದರ್ಶನವಲ್ಲ, ಉಳಿದ ಕುರುಹುಗಳಿಂದ ನಡೆದದ್ದನ್ನು ತರ್ಕಿಸುವ ವಿದ್ಯೆ. ಆ ತರ್ಕ ಸದಾ ತಿದ್ದುಪಡಿಗೆ ತೆರೆದಿರುತ್ತದೆ. ಜೇಮ್ಸ್‌ಟೌನಿನ ಮೂಲ ಕೋಟೆ ನದಿಯ ಪಾಲಾಯಿತೆಂದೇ ಬಹುಕಾಲ ನಂಬಲಾಗಿತ್ತು. 1994ರಲ್ಲಿ ವಿಲಿಯಂ ಕೆಲ್ಸೊ ಆರಂಭಿಸಿದ ಉತ್ಖನನದಲ್ಲಿ ಅದರ ಕಂಬಗಳ ಗುರುತುಗಳು ನೆಲದಲ್ಲಿಯೇ ಸಿಕ್ಕವು. ಪುಸ್ತಕವಾದರೆ ಮುಂದಿನ ಮುದ್ರಣದಲ್ಲಿ ತಿದ್ದಬಹುದು, ಶಿಕ್ಷಕರಾದರೆ ಮರುದಿನವೇ ತಿದ್ದಬಹುದು, ವಿದ್ಯಾರ್ಥಿಯಾದರೆ ‘ನದಿ ಪಾಲಾಯಿತೆಂದು ಹೇಗೆ ಗೊತ್ತು?’ ಎಂದು ಕೇಳಬಹುದು. ಒಮ್ಮೆ ಮುಗಿದ ಚಿತ್ರ ಮಾತ್ರ ತನ್ನ ತಪ್ಪನ್ನು ಅದೇ ಆತ್ಮವಿಶ್ವಾಸದಿಂದ ತಲೆಮಾರುಗಳಿಗೆ ಹೇಳುತ್ತ ಹೋಗುತ್ತದೆ.

ದೃಶ್ಯ ಮರೆಯುವುದಿಲ್ಲ ಎಂಬುದು ಸಾಕ್ಷ್ಯಚಿತ್ರ ಬೇಕೆನ್ನುವ ಪಕ್ಷದ ಬಲವಾದ ಆಧಾರ. ಆ ಮಾತು ನಿಜ, ಅಪಾಯವಿರುವುದೂ ಅಲ್ಲಿಯೇ. ಇದಕ್ಕೆ ಚಿತ್ರದುರ್ಗಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ. ಕೋಟೆಯ ಕಿಂಡಿಯಲ್ಲಿ ಹೈದರನ ಸೈನಿಕರನ್ನು ಒನಕೆಯಿಂದ ಹೊಡೆದುಹಾಕಿದ ಓಬವ್ವನನ್ನು ಕಣ್ಣಮುಂದೆ ತಂದುಕೊಳ್ಳಿ ಎಂದರೆ ಜಿಲ್ಲೆಯ ಹಿರಿಯರಿಗೂ ಕಿರಿಯರಿಗೂ ಮೊದಲು ಮೂಡುವುದು 1972ರಲ್ಲಿ ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿದ ‘ನಾಗರಹಾವು’ ಚಲನಚಿತ್ರದಲ್ಲಿ ಜಯಂತಿಯವರು ಅಭಿನಯಿಸಿದ ರೂಪವೇ. ಆ ಅಭಿನಯ ಶ್ರೇಷ್ಠವಾದದ್ದು, ಓಬವ್ವನ ಕಥೆ ಹೇಳುವ ಅಲ್ಲಿನ ಗೀತೆಯ ಚಿತ್ರೀಕರಣ ಕನ್ನಡ ಚಿತ್ರರಂಗದ ಹೆಮ್ಮೆ, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಅದು ಕಲಾಕೃತಿ ಎಂದು ಎಲ್ಲರಿಗೂ ತಿಳಿದಿದ್ದೂ, ಓಬವ್ವನ ಕಥೆ ನಮಗೆ ಯಾವ ಬಾಯಿಗಳಿಂದ, ಯಾವ ಬರಹಗಳಿಂದ ಬಂತು ಎಂಬ ಪ್ರಶ್ನೆ ಆ ದೃಶ್ಯದ ಮುಂದೆ ತಲೆ ಎತ್ತುವುದೇ ಇಲ್ಲ. ಕಲೆಯೆಂದು ಒಪ್ಪಿಕೊಂಡು ಬಂದ ಚಿತ್ರವೇ ಪ್ರಶ್ನೆಯನ್ನು ಇಷ್ಟು ಗಟ್ಟಿಯಾಗಿ ಮುಚ್ಚಬಲ್ಲದಾದರೆ, ‘ಇದು ಸತ್ಯ’ ಎಂಬ ಮುದ್ರೆ ಒತ್ತಿಕೊಂಡು ತರಗತಿಯೊಳಗೆ, ಶಿಕ್ಷಕರ ಸಮ್ಮುಖದಲ್ಲಿ, ಪರೀಕ್ಷೆಯ ಪಾಠವಾಗಿ ಬರುವ ಚಿತ್ರ ಎಷ್ಟು ಗಟ್ಟಿಯಾಗಿ ಮುಚ್ಚೀತು ಎಂಬುದನ್ನು ಪ್ರತಿಪಾದಕರೇ ಯೋಚಿಸಬೇಕು.

ಇಷ್ಟು ಸಾಮಾನ್ಯ ವಿಚಾರವಾಯಿತು. ಈಗ ಹಿರಿಯೂರು ತಾಲ್ಲೂಕಿನ ಹರಿಯಬ್ಬೆಯಂಥ ಹಳ್ಳಿಯಲ್ಲಿ ಕುಳಿತ ವಿದ್ಯಾರ್ಥಿಗೆ ‘ಯುರೋಪಿಯನ್ನರ ಆಗಮನ’ ಎಂಬುದರ ಅರ್ಥವೇನಾಗಬೇಕು ಎಂಬುದನ್ನು ನೋಡಬಹುದು. ಹರಿಯಬ್ಬೆಗೆ ಹಡಗು ಬರಲಿಲ್ಲ. ಅಲ್ಲಿ ಕೋಠಿ ಇರಲಿಲ್ಲ, ನಾವಿಕನೊಬ್ಬ ಮಂಡಿಯೂರಿ ನೆಲಕ್ಕೆ ಮುತ್ತಿಡಲಿಲ್ಲ, ಫಿರಂಗಿಯ ಹೊಗೆ ಎದ್ದು ಇತಿಹಾಸ ತಿರುಗಲಿಲ್ಲ. ಆದರೂ ವಸಾಹತು ಆಳ್ವಿಕೆ ಅಲ್ಲಿನ ಹೊಲದ ಅಳತೆಯನ್ನೂ ದನದ ಹುಲ್ಲನ್ನೂ ಅಡುಗೆಯ ಖಾರವನ್ನೂ ಬೇಲಿಯ ಮುಳ್ಳನ್ನೂ ಬದಲಿಸಿತು. ಈ ಬದಲಾವಣೆಗಳಲ್ಲಿ ಯಾವುದೂ ಪರದೆಗೆ ಒಗ್ಗುವಂಥದ್ದಲ್ಲವಾದ್ದರಿಂದ ಚಿತ್ರಗಳನ್ನೇ ನಂಬಿದ ತರಗತಿಯಲ್ಲಿ ಇವುಗಳ ಸುಳಿವೂ ಸಿಗುವುದಿಲ್ಲ.

ಮೊದಲಿಗೆ ‘ಆಗಮನ’ ಎಂಬ ಕಲ್ಪನೆಯೇ ಇಲ್ಲಿ ತಿದ್ದುಪಡಿಗೆ ಒಳಗಾಗುತ್ತದೆ. ಚಿತ್ರದುರ್ಗದ ಬೆಟ್ಟದ ಮಗ್ಗುಲಿನ ಚಂದ್ರವಳ್ಳಿಯ ಉತ್ಖನನಗಳಲ್ಲಿ ರೋಮಿನ ಚಕ್ರವರ್ತಿಗಳಾದ ಆಗಸ್ಟಸ್ ಮತ್ತು ಟೈಬೀರಿಯಸ್ಸರ ಬೆಳ್ಳಿ ನಾಣ್ಯಗಳು ಸಿಕ್ಕಿವೆ. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅಲ್ಲಿಯೂ ಮೊಳಕಾಲ್ಮೂರಿನ ಬ್ರಹ್ಮಗಿರಿಯಲ್ಲಿಯೂ ಅಗೆದು ದಕ್ಷಿಣ ಭಾರತದ ಪುರಾತತ್ತ್ವದ ಕಾಲಗಣನೆಗೆ ಅಡಿಪಾಯ ಹಾಕಿದ್ದು ಇಂಥ ವಸ್ತುಗಳ ಬಲದಿಂದ. ವಾಸ್ಕೋ ಡ ಗಾಮನಿಗಿಂತ ಸುಮಾರು ಸಾವಿರದೈನೂರು ವರ್ಷ ಮೊದಲೇ ಯುರೋಪಿನ ಹಣ ಈ ಬಯಲಿನವರೆಗೆ ವ್ಯಾಪಾರದ ದಾರಿಯಲ್ಲಿ ನಡೆದುಬಂದಿತ್ತು, ಆಳುವುದಕ್ಕಲ್ಲ, ಕೊಳ್ಳುವುದಕ್ಕೆ. ಕೊಳ್ಳಲು ಬಂದವರಿಗೂ ಆಳಲು ಬಂದವರಿಗೂ ಇರುವ ವ್ಯತ್ಯಾಸವನ್ನು ವಿದ್ಯಾರ್ಥಿ ತಾನಾಗಿ ಕಂಡುಕೊಳ್ಳಬೇಕಾದರೆ ಆ ನಾಣ್ಯದಿಂದ ಪಾಠ ಆರಂಭವಾಗಬೇಕು, ಪಠ್ಯಪುಸ್ತಕದಲ್ಲಿರುವಂತೆ ಕಾನ್‌ಸ್ಟಾಂಟಿನೋಪಲ್ ಪತನದಿಂದಲ್ಲ.

ಹಡಗಿನಲ್ಲಿ ಬಂದದ್ದರಲ್ಲಿ ಹರಿಯಬ್ಬೆಯ ತನಕ ತಲುಪಿದ್ದು ಗಿಡಗಳು. ಮುದ್ದೆಯ ಜೊತೆಗಿನ ಸಾರಿಗೆ ಬೀಳುವ ಮೆಣಸಿನಕಾಯಿ ಅಮೆರಿಕದ ಮೂಲದ್ದು, ಪೋರ್ಚುಗೀಸರ ಮೂಲಕ ಪಶ್ಚಿಮ ಕರಾವಳಿಗೆ ಬಂದು ಒಳನಾಡಿಗೆ ಹರಡಿದ್ದು. ಅದಕ್ಕೆ ಮೊದಲು ಖಾರ ಎಂದರೆ ಕರಿಮೆಣಸು, ಶುಂಠಿ, ಹಿಪ್ಪಲಿ. ಮಳೆಯಾಶ್ರಿತ ಹೊಲಗಳ ಶೇಂಗಾ ಅದೇ ಖಂಡದಿಂದ ಬಂದ ಬೆಳೆ. ಬೇಲಿಯ ಕತ್ತಾಳೆ, ಕೆರೆಯ ಅಂಗಳವನ್ನೇ ನುಂಗಿರುವ ಬಳ್ಳಾರಿ ಜಾಲಿ, ಗುಡ್ಡದ ಬುಡದ ಪಾಪಾಸುಕಳ್ಳಿ ಎಲ್ಲವೂ ಸಾಗರದಾಚೆಯವು. ಪಾಪಾಸುಕಳ್ಳಿಯ ಮೇಲೆ ಬದುಕುವ ಹುಳುವಿನಿಂದ ಕೆಂಪು ಬಣ್ಣ ತೆಗೆಯುವ ಲಾಭದ ಆಸೆಯಿಂದ ಕಂಪನಿಯ ವೈದ್ಯ ಜೇಮ್ಸ್ ಆಂಡರ್ಸನ್ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಮದರಾಸಿನಲ್ಲಿ ಕಳ್ಳಿಯ ತೋಟವನ್ನೇ ಬೆಳೆಸಿದ್ದ. ಆರಂಭಿಕ ವಸಾಹತು ನೆಲೆಯೊಂದರ ಲೆಕ್ಕಾಚಾರಕ್ಕೂ ಮೇಕೆ ಕಾಯುವ ಹುಡುಗನ ಕಾಲಿಗೆ ಚುಚ್ಚುವ ಮುಳ್ಳಿನ ಜಾತಿಗೂ ಇರುವ ಈ ನಂಟನ್ನು ಹೇಳುವ ಶಿಕ್ಷಕರಿಗೆ ಮಕ್ಕಳನ್ನು ‘ಎಬ್ಬಿಸಿ ಕೂರಿಸಲು’ ಪರದೆ ಏಕೆ ಬೇಕು?

ಆಳ್ವಿಕೆ ಬಂದದ್ದು ಬೇರೆಯೇ ದಾರಿಯಿಂದ. 1779ರಲ್ಲಿ ಹೈದರಾಲಿ ಚಿತ್ರದುರ್ಗವನ್ನು ಹಿಡಿದು ಮದಕರಿ ನಾಯಕನನ್ನು ಶ್ರೀರಂಗಪಟ್ಟಣಕ್ಕೆ ಒಯ್ದ ಮೇಲೆ ಪಾಳೆಯಗಾರರ ರಾಜ್ಯ ಕೊನೆಗೊಂಡಿತು. ಇಪ್ಪತ್ತು ವರ್ಷಗಳ ನಂತರ ಟಿಪ್ಪು ಬಿದ್ದಾಗ ಈ ಸೀಮೆ ಒಡೆಯರ ಮೈಸೂರಿಗೆ ಸೇರಿತು, ಮೈಸೂರು ಕಂಪನಿಗೆ ವರ್ಷಕ್ಕೆ 7 ಲಕ್ಷ ನಕ್ಷತ್ರ ಪಗೋಡ, ಅಂದರೆ ಸುಮಾರು 24.5 ಲಕ್ಷ ರೂಪಾಯಿ, ತೆರಬೇಕೆಂದು ಸಹಾಯಕ ಸೈನ್ಯದ ಒಪ್ಪಂದವಾಯಿತು. ಸಹಾಯಕ ಸೈನ್ಯ ಪದ್ಧತಿ ಎಂದರೆ ಕಂಪನಿಯ ಸೈನ್ಯವನ್ನು ಸಂಸ್ಥಾನದ ಖರ್ಚಿನಲ್ಲಿ ಇಟ್ಟುಕೊಂಡು, ರಕ್ಷಣೆಯ ಹೆಸರಿನಲ್ಲಿ ಸ್ವಾತಂತ್ರ್ಯವನ್ನು ಬಿಟ್ಟುಕೊಡುವ ಏರ್ಪಾಡು. ಆ ಹಣ ಎಲ್ಲಿಂದ ಹುಟ್ಟಬೇಕು? ಹೊಲದಿಂದ. ಕೋಟೆಯ ಮೇಲಿನ ಬಾವುಟ ಬದಲಾದದ್ದನ್ನು ತೋರಿಸುವ ಚಿತ್ರಕ್ಕೆ ಈ ಪ್ರಶ್ನೆ ಹೊಳೆಯುವುದಿಲ್ಲ.

ಹೊಲದಲ್ಲೇನಿದೆ ಎಂದು ತಿಳಿಯಲು ಗವರ್ನರ್ ಜನರಲ್ ವೆಲ್ಲೆಸ್ಲಿ 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಕಳುಹಿಸಿದ. ಹತ್ತಿ, ಮೆಣಸು, ಗಂಧ, ಏಲಕ್ಕಿ ಎಲ್ಲಿ ಎಷ್ಟು ಬೆಳೆಯುತ್ತದೆ, ಯಾವ ಜಾತಿಯವರು ಏನು ನೇಯುತ್ತಾರೆ, ಭೂಮಿ ಯಾರ ಹಕ್ಕಿನಲ್ಲಿದೆ, ಗಣಿ ಎಲ್ಲಿದೆ ಎಂದು ವಿಚಾರಿಸುವುದು ಆತನ ಕೆಲಸ. ದುಭಾಷಿಗಳ ನೆರವಿನಿಂದ ಊರೂರು ಸುತ್ತಿದ ಆತ 1801ರಲ್ಲಿ ಬಿದನೂರಿನ ಕಡೆಯಿಂದ ಚಿತ್ರದುರ್ಗದ ಮೂಲಕ ಹಿರಿಯೂರಿಗೆ ಬಂದ, ಅಲ್ಲಿಂದ ಶ್ರೀರಂಗಪಟ್ಟಣದ ಕಡೆ ತಿರುಗಿದ. 1807ರಲ್ಲಿ ಮೂರು ಸಂಪುಟಗಳಲ್ಲಿ ಅಚ್ಚಾದ ಆತನ ಪ್ರವಾಸ ಕಥನದಲ್ಲಿ ಒಂದು ಅಧ್ಯಾಯ ಹಿರಿಯೂರಿನಲ್ಲಿ ಮುಗಿಯುತ್ತದೆ, ಮುಂದಿನದು ಹಿರಿಯೂರಿನಿಂದಲೇ ಆರಂಭವಾಗುತ್ತದೆ. ತಮ್ಮ ತಾಲ್ಲೂಕು ಕೇಂದ್ರದ ಹೆಸರು ಹೊತ್ತ ಇಂಥ ಗ್ರಂಥವಿದೆ ಎಂಬುದು ಆ ತಾಲ್ಲೂಕಿನ ಎಷ್ಟು ಪ್ರೌಢಶಾಲೆಗಳಲ್ಲಿ ಹೇಳಲ್ಪಡುತ್ತದೆ? ಬುಕಾನನ್ನನದು ವಿದ್ವತ್ತಿನ ಕುತೂಹಲವೂ ಹೌದು, ಹೊಸ ಯಜಮಾನನಿಗಾಗಿ ಆಸ್ತಿಯ ಪಟ್ಟಿ ಮಾಡುವ ಕೆಲಸವೂ ಹೌದು. ಎರಡೂ ಒಂದೇ ಪುಟದಲ್ಲಿ ಹೆಣೆದುಕೊಂಡಿರುವುದನ್ನು ಬಿಡಿಸಿ ನೋಡುವುದೇ ಚರಿತ್ರೆಯ ಪಾಠ. ಅದೇ ವರ್ಷಗಳಲ್ಲಿ ಕಾಲಿನ್ ಮೆಕೆಂಜಿ ಮೈಸೂರಿನ ಭೂಮಾಪನ ನಡೆಸುತ್ತ, ಕಾವಲಿ ವೆಂಕಟ ಬೊರಯ್ಯನಂಥ ದೇಶೀ ಸಹಾಯಕರಿಂದ ಊರೂರ ಕೈಫಿಯತ್ತುಗಳನ್ನು, ಎಂದರೆ ಸ್ಥಳೀಯರು ಬರೆದುಕೊಟ್ಟ ಗ್ರಾಮವೃತ್ತಾಂತಗಳನ್ನು ಕೂಡಿಸುತ್ತಿದ್ದ. ದಡದಲ್ಲಿ ನಿಂತವರು ಮಾತಿಲ್ಲದ ನೆರಳುಗಳಾಗಿರಲಿಲ್ಲ ಎಂಬುದಕ್ಕೆ ಕನ್ನಡದಲ್ಲಿಯೇ ಉಳಿದಿರುವ ಆ ಕೈಫಿಯತ್ತುಗಳಿಗಿಂತ ಬೇರೆ ಸಾಕ್ಷಿ ಬೇಡ.

1831ರಲ್ಲಿ ಕಂಪನಿ ಮೈಸೂರಿನ ಆಡಳಿತವನ್ನು ನೇರವಾಗಿ ಕೈಗೆ ತೆಗೆದುಕೊಂಡಿತು; ಮೊದಲು ಕಂಪನಿಯೂ ಆಮೇಲೆ ಬ್ರಿಟಿಷ್ ಸರ್ಕಾರವೂ ಒಟ್ಟು ಐವತ್ತು ವರ್ಷ ಕಮಿಷನರರ ಮೂಲಕ ಆಳಿದವು. ಚಿತ್ರದುರ್ಗ ವಿಭಾಗದ ಸೂಪರಿಂಟೆಂಡೆಂಟನಾಗಿ ದೀರ್ಘಕಾಲ ಇದ್ದ ಡಾಬ್ಸ್ ಎಂಬ ಅಧಿಕಾರಿಯ ಹೆಸರು ಹಿರಿಯೂರಿನಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯ ದಾಬಸ್‌ಪೇಟೆಯಲ್ಲಿ ಈಗಲೂ ಇದೆ. ಈ ಅವಧಿಯಲ್ಲಿ ನಡೆದದ್ದರಲ್ಲಿ ಹರಿಯಬ್ಬೆಗೆ ಅತ್ಯಂತ ಆಳವಾಗಿ ತಾಗಿದ್ದು 1863ರಲ್ಲಿ ಬೌರಿಂಗ್ ಕಮಿಷನರನಾಗಿದ್ದಾಗ ಮುಂಬಯಿ ಪದ್ಧತಿಯಂತೆ ಆರಂಭವಾದ ಕಂದಾಯ ಸರ್ವೆ. ಅದಕ್ಕೆ ಮೊದಲು ಹೊಲವನ್ನು ಅದಕ್ಕೆ ಬೀಳುವ ಬಿತ್ತನೆಯಿಂದ ಅಳೆಯುತ್ತಿದ್ದರು: ಇಷ್ಟು ಕೊಳಗದ ಹೊಲ, ಇಷ್ಟು ಖಂಡುಗದ ಭೂಮಿ. ಮಣ್ಣು ಬೇರೆಯಾದರೆ ವಿಸ್ತಾರವೂ ಬೇರೆ, ಏಕೆಂದರೆ ಅಳತೆಯೊಳಗೆ ಬೇಸಾಯದ ಅನುಭವ ಸೇರಿತ್ತು. ಸರ್ವೆಯವರು 33 ಅಡಿ ಉದ್ದದ ಸರಪಳಿ ತಂದರು. ಆ ಸರಪಳಿಯ ಒಂದು ಚೌಕ, ಅಂದರೆ 1089 ಚದರ ಅಡಿ, ಒಂದು ಗುಂಟೆ. ಅಂಥ 40 ಗುಂಟೆ ಒಂದು ಎಕರೆ. ಮಣ್ಣಿನ ಗುಣಕ್ಕೆ ಹದಿನಾರಾಣೆಯ ಲೆಕ್ಕದಲ್ಲಿ ದರ್ಜೆ ಕಟ್ಟಿ, ಪ್ರತಿ ಹೊಲಕ್ಕೆ ನಂಬರು ಕೊಟ್ಟು, ಮೂಲೆಗಳಲ್ಲಿ ಬಾಂದುಕಲ್ಲು ನೆಟ್ಟು, ಬೇಸಾಯಕ್ಕೆ ಬಾರದ ನೆಲವನ್ನು ಖರಾಬು ಎಂದು ಬರೆದರು. ಇಂದು ಯಾವುದೇ ವಿದ್ಯಾರ್ಥಿಯ ಮನೆಯ ಪಹಣಿಯಲ್ಲಿ ಕಾಣುವ ಸರ್ವೆ ನಂಬರು, ಎಕರೆ, ಗುಂಟೆ, ಖರಾಬು ಎಂಬ ಅಂಕಣಗಳು ಆ ಸರ್ವೆಯ ನೇರ ಸಂತಾನ. ಅಣ್ಣತಮ್ಮಂದಿರ ಪಾಲಿನ ವ್ಯಾಜ್ಯ, ಬಗರ್‌ಹುಕುಂ ಅರ್ಜಿ, ಹದ್ದುಬಸ್ತಿಗೆ ಬರುವ ಸರ್ವೆಯರನ ಕಾಯುವಿಕೆ ಎಲ್ಲವೂ ಆ ಸರಪಳಿಯ ತುದಿಗೆ ಕಟ್ಟಿಕೊಂಡಿವೆ. ವಸಾಹತು ಆಳ್ವಿಕೆ ಮುಗಿದಿದೆ, ಅದರ ಗುಂಟೆ ಮುಗಿದಿಲ್ಲ. ಸರಪಳಿ ಎಳೆಯುವುದನ್ನು ಚಿತ್ರಿಸಿದರೆ ಎರಡು ನಿಮಿಷಕ್ಕೆ ನೋಡುಗರಿಗೆ ಬೇಸರ ಬರುತ್ತದೆ. ಆದರೆ ಅದೇ ಮಕ್ಕಳನ್ನು ಶಾಲೆಯ ಆಟದ ಮೈದಾನಕ್ಕೆ ಕರೆದೊಯ್ದು 33 ಅಡಿಯ ಹಗ್ಗ ಕೊಟ್ಟು ಗುಂಟೆ ಹಾಕಿಸಿದರೆ, ಮನೆಯಿಂದ ಪಹಣಿಯ ಪ್ರತಿ ತರಿಸಿ ಓದಿಸಿದರೆ, ಹೊಲದ ಮೂಲೆಯ ಕಲ್ಲನ್ನು ಹುಡುಕಿಸಿದರೆ ಬರುವ ಪ್ರಶ್ನೆಗಳಿಗೆ ಉತ್ತರ ಹೇಳಲು ಒಂದು ತಿಂಗಳು ಸಾಲದು.

ಹುಲ್ಲಿನ ಕಥೆಯೂ ಹೀಗೆಯೇ. ಚಿತ್ರದುರ್ಗ ಜಿಲ್ಲೆಯ ಕಾವಲುಗಳು, ಅಂದರೆ ಸರ್ಕಾರಿ ದನಗಳಿಗೆ ಮೀಸಲಿಟ್ಟ ಹುಲ್ಲುಗಾವಲುಗಳು, ಒಡೆಯರ ಕಾಲದ ಬೆಣ್ಣೆ ಚಾವಡಿ ಎಂಬ ದನಗಳ ಇಲಾಖೆಯಿಂದ ಬೆಳೆದು ಟಿಪ್ಪುವಿನ ಕಾಲದಲ್ಲಿ ಅಮೃತ್ ಮಹಲ್ ಎಂಬ ಹೆಸರು ಪಡೆದವು. ಫಿರಂಗಿ ಮತ್ತು ಸರಂಜಾಮು ಎಳೆಯಲು ಅಲ್ಲಿ ಬೆಳೆದ ಎತ್ತುಗಳಿಗೆ ಸಾಟಿ ಇಲ್ಲವೆಂದು ಅರಿತ ಕಂಪನಿ 1813ರಲ್ಲಿ ಅವುಗಳ ಉಸ್ತುವಾರಿಯನ್ನು ಮದರಾಸು ಸೈನ್ಯದ ಸರಬರಾಜು ಇಲಾಖೆಯ ಕ್ಯಾಪ್ಟನ್ ಹಾರ್ವೆಗೆ ಒಪ್ಪಿಸಿತು, 1860ರಲ್ಲಿ ಬ್ರಿಟಿಷ್ ಸರ್ಕಾರ ಖರ್ಚು ಉಳಿಸುವ ನೆವದಲ್ಲಿ ಮಂದೆಗಳನ್ನು ಮಾರಿತು, ಕೆಲವೇ ವರ್ಷಗಳಲ್ಲಿ ತಪ್ಪರಿತು ಮತ್ತೆ ಕಟ್ಟತೊಡಗಿತು. ಕಾಡುಗೊಲ್ಲರು, ಮ್ಯಾಸಬೇಡರು ದೇವರ ಎತ್ತುಗಳ ಜೊತೆ ಬದುಕಿದ ಈ ಬಯಲಿನಲ್ಲಿ ಯಾರ ದನ ಎಲ್ಲಿ ಮೇಯಬಹುದು ಎಂಬುದು ಕಚೇರಿಯ ಕಡತದ ವಿಷಯವಾದದ್ದು ಹೀಗೆ. ಚಳ್ಳಕೆರೆ ತಾಲ್ಲೂಕಿನ ಕಾವಲುಗಳಲ್ಲಿ ಈ ಶತಮಾನದಲ್ಲಿ ಸುಮಾರು 10,000 ಎಕರೆ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹಂಚಿಕೆಯಾದಾಗ ಎದ್ದ ವಿವಾದವನ್ನು ಈ ಹಿನ್ನೆಲೆ ಇಲ್ಲದೆ ಯಾರೂ ಅರಿಯಲಾರರು.

ಬರದ ವಿಷಯ ಹೇಳದೆ ಈ ಪಟ್ಟಿ ಮುಗಿಯುವಂತಿಲ್ಲ. ಧಾತು, ಈಶ್ವರ ಸಂವತ್ಸರಗಳಲ್ಲಿ, ಅಂದರೆ 1876ರಿಂದ 1878ರವರೆಗೆ, ಮಳೆ ಕೈಕೊಟ್ಟಾಗ ಮೈಸೂರು ಕಮಿಷನರರ ನೇರ ಆಳ್ವಿಕೆಯಲ್ಲಿತ್ತು; 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರ ಗಣತಿಯಲ್ಲಿ 42 ಲಕ್ಷಕ್ಕೂ ಕೆಳಗೆ ಇಳಿದಿತ್ತು. ಜೇಮ್ಸ್‌ಟೌನಿನಲ್ಲಿ 1609–10ರ ಚಳಿಗಾಲದಲ್ಲಿ ಹಸಿವಿನಿಂದ ಸತ್ತ ಕೆಲವು ನೂರು ವಲಸಿಗರ ಸಂಕಟವನ್ನು ಮಕ್ಕಳು ಪರದೆಯಲ್ಲಿ ಕಂಡು ಮರುಗುವುದು ತಪ್ಪಲ್ಲ, ಮನುಷ್ಯರ ಹಸಿವು ಎಲ್ಲಿದ್ದರೂ ಹಸಿವೇ. ಆದರೆ ತಮ್ಮದೇ ಪೂರ್ವಿಕರಲ್ಲಿ ಲಕ್ಷಗಟ್ಟಲೆ ಮಂದಿಯನ್ನು ನುಂಗಿದ ಬರದ ಹೆಸರನ್ನೂ ಅರಿಯದೆ ಆ ಮಕ್ಕಳು ಶಾಲೆ ಬಿಡುವುದಾದರೆ ಅಂಥ ಶಿಕ್ಷಣವನ್ನು ಆಸಕ್ತಿಯ ಹೆಸರಿನಲ್ಲಿ ಸಮರ್ಥಿಸುವುದು ಅಕ್ಷಮ್ಯ.

ಹಳ್ಳಿಯ ಶಾಲೆಯಲ್ಲಿ ಗ್ರಂಥಾಲಯವಿಲ್ಲ, ವಸ್ತುಸಂಗ್ರಹಾಲಯ ದೂರ, ಇತಿಹಾಸ, ಭೂಗೋಳ, ಪೌರನೀತಿ, ಅರ್ಥಶಾಸ್ತ್ರ ಎಲ್ಲಕ್ಕೂ ಒಬ್ಬರೇ ಶಿಕ್ಷಕರು, ಹೀಗಿರುವಾಗ ಅಂತರ್ಜಾಲದ ಚಿತ್ರವಾದರೂ ಜಗತ್ತನ್ನು ತರುತ್ತದಲ್ಲವೇ ಎಂಬ ಆಕ್ಷೇಪ ಗೌರವದಿಂದ ಉತ್ತರಿಸಬೇಕಾದದ್ದು. ಮೇಲೆ ಹೇಳಿದ ಸಾಮಗ್ರಿಯಲ್ಲಿ ಬಹುಪಾಲು ಹಳ್ಳಿಯಲ್ಲಿಯೇ ಇದೆ ಎಂಬುದು ಅದಕ್ಕೆ ಮೊದಲ ಉತ್ತರ. ಪಹಣಿ ಮನೆಯಲ್ಲಿದೆ, ಬಾಂದುಕಲ್ಲು ಹೊಲದಲ್ಲಿದೆ, ಸರ್ವೆಯ ಟಿಪ್ಪಣಿ ಮತ್ತು ಆಕಾರ್‌ಬಂದ್ ದಾಖಲೆಗಳು ತಾಲ್ಲೂಕು ಕಚೇರಿಯಲ್ಲಿವೆ, ಬಿ. ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಹನ್ನೊಂದನೆಯ ಸಂಪುಟದಲ್ಲಿ ಜಿಲ್ಲೆಯ ಶಾಸನಗಳು ತಾಲ್ಲೂಕುವಾರು ಅಚ್ಚಾಗಿವೆ, ಗೊಲ್ಲರಹಟ್ಟಿಗಳಲ್ಲಿ ಗಣೆ ಊದುತ್ತ ತಮ್ಮ ವೀರ ಜುಂಜಪ್ಪನ ಕಾವ್ಯ ಹಾಡುವವರಿದ್ದಾರೆ. ಹಾಡನ್ನೂ ಸತ್ಯವೆಂದು ಕಣ್ಣುಮುಚ್ಚಿ ಒಪ್ಪಬೇಕಾಗಿಲ್ಲ; ಹಾಡುವವರೂ ಮರೆಯುತ್ತಾರೆ, ಸೇರಿಸುತ್ತಾರೆ. ಆದರೆ ‘ಇದನ್ನು ನಿಮಗೆ ಯಾರು ಕಲಿಸಿದರು, ಬೇರೆ ಹಟ್ಟಿಯವರು ಬೇರೆ ರೀತಿ ಹಾಡುತ್ತಾರಲ್ಲ?’ ಎಂದು ಅವರನ್ನು ಕೇಳಬಹುದು, ಅವರು ಉತ್ತರಿಸುತ್ತಾರೆ.

ದೂರದ ಸಾಮಗ್ರಿಯೇ ಬೇಕೆಂದರೂ ಒಂದು ಪುಟ ಸಾಕು. 1623ರಲ್ಲಿ ಗೋವೆಯ ಪೋರ್ಚುಗೀಸ್ ರಾಯಭಾರಿಯ ಜೊತೆ ಇಕ್ಕೇರಿಯ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಹೊರಟಿದ್ದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ದಾರಿಯಲ್ಲಿ ಒಂದು ದೇವಾಲಯದ ಮೊಗಸಾಲೆಯಲ್ಲಿ ನಾಲ್ವರು ಹುಡುಗರು ನೆಲದ ಮೇಲೆ ಮರಳು ಹರಡಿ, ಒಬ್ಬ ರಾಗವಾಗಿ ಹೇಳಿದ್ದನ್ನು ಉಳಿದವರು ಹೇಳುತ್ತ, ಬೆರಳಿನಿಂದ ಅಂಕಿ ಬರೆಯುತ್ತ, ಮರಳು ತುಂಬಿದಾಗ ಅಳಿಸಿ ಮತ್ತೆ ಬರೆಯುತ್ತ ಲೆಕ್ಕ ಕಲಿಯುವುದನ್ನು ಕಂಡ. ಗುರು ಎದುರಿಗಿರಲಿಲ್ಲ, ಮರೆತರೆ ತಿದ್ದುವವರು ಯಾರು ಎಂದು ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರವನ್ನೂ ಆತ ಮೆಚ್ಚಿ ದಾಖಲಿಸಿದ. ಈ ಪುಟವನ್ನು ಕನ್ನಡದಲ್ಲಿ ತರಗತಿಯ ಮುಂದಿಟ್ಟರೆ ಎಷ್ಟೊಂದು ಪ್ರಶ್ನೆಗಳು ಏಳುತ್ತವೆ! ಇಟಲಿಯವನು ಇಲ್ಲಿಗೇಕೆ ಬಂದ, ಪೋರ್ಚುಗೀಸರಿಗೆ ಇಕ್ಕೇರಿಯಲ್ಲಿ ಏನು ಕೆಲಸ, ಕರಾವಳಿಯ ಮೆಣಸು ಮತ್ತು ಬಸರೂರಿನ ಅಕ್ಕಿ ಇಲ್ಲದೆ ಗೋವೆ ಬದುಕಲಾರದಾಗಿತ್ತೇ, ಸುಮಾರು ಮೂವತ್ತು ವರ್ಷಗಳ ನಂತರ ವೆಂಕಟಪ್ಪನ ಕೆಳದಿ ವಂಶದವನೇ ಆದ ಶಿವಪ್ಪ ನಾಯಕ ಪೋರ್ಚುಗೀಸರನ್ನು ಹೊನ್ನಾವರ, ಬಸರೂರುಗಳಿಂದ ಹೇಗೆ ಹೊರಹಾಕಿದ, ಆ ನಾಲ್ವರಲ್ಲಿ ಹುಡುಗಿಯರೇಕೆ ಇಲ್ಲ. ಇಲ್ಲಿ ನೋಡುವವನು ವಿದೇಶಿಯಾದರೂ ಆತನ ಹೆಸರು ಗೊತ್ತು, ಬಂದ ಕಾರಣ ಗೊತ್ತು, ಆದ್ದರಿಂದ ಆತನ ಕಣ್ಣನ್ನೇ ಪರೀಕ್ಷಿಸಬಹುದು. ಚಿತ್ರದ ಅದೃಶ್ಯ ನಿರೂಪಕನ ವಿಷಯದಲ್ಲಿ ಈ ಸೌಲಭ್ಯವಿಲ್ಲ.

ಆಸಕ್ತಿ ಎಂಬ ಮಾತಿಗೇ ಈಗ ಬರಬಹುದು. ಕತ್ತಲಾಗಿಸಿದ ಕೋಣೆಯಲ್ಲಿ ಅರವತ್ತು ಮಕ್ಕಳು ಸದ್ದಿಲ್ಲದೆ ಕುಳಿತಿರುವುದನ್ನು ಕಂಡು ಅವರು ತಲ್ಲೀನರಾಗಿದ್ದಾರೆಂದು ತೀರ್ಮಾನಿಸುವುದು ಮೌನವನ್ನು ಮನನವೆಂದು ಭ್ರಮಿಸುವುದಷ್ಟೇ. ಆಸಕ್ತಿಯ ಗುರುತು ಪಾಠ ಮುಗಿದ ಮೇಲೆ ಮಗು ಕೇಳುವ ಪ್ರಶ್ನೆಯಲ್ಲಿದೆ, ಮನೆಗೆ ಹೋಗಿ ಅಜ್ಜನನ್ನು ಪೀಡಿಸುವುದರಲ್ಲಿದೆ, ಕಲ್ಲಿನ ಬಳಿ ಕುಳಿತು ಸವೆದ ಅಂಕಿಯನ್ನು ಓದಲು ಹೆಣಗುವುದರಲ್ಲಿದೆ. ಚಿತ್ರಕ್ಕೆ ತರಗತಿಯಲ್ಲಿ ಒಂದೇ ಒಂದು ಯೋಗ್ಯ ಸ್ಥಾನವಿದೆ: ಅದನ್ನು ಪಾಠವಾಗಿ ಬಿಟ್ಟು ಪುರಾವೆಯಾಗಿ ಪರಿಗಣಿಸಿ, ಐದು ನಿಮಿಷದ ತುಣುಕನ್ನು ನಿಲ್ಲಿಸಿ ನಿಲ್ಲಿಸಿ ತೋರಿಸುತ್ತ, ಇದನ್ನು ಯಾರು, ಯಾವಾಗ, ಯಾರಿಗಾಗಿ ಮಾಡಿದರು, ಈ ವರ್ಣಚಿತ್ರ ಯಾವ ಕಾಲದ್ದು, ಈ ಸಂಭಾಷಣೆ ಎಲ್ಲಿಂದ ಬಂತು, ಯಾರು ಮಾತಾಡುತ್ತಿಲ್ಲ ಎಂದು ಮಕ್ಕಳಿಂದಲೇ ಕೇಳಿಸುವುದು. ಪೋರ್ಟರನ ಅಚ್ಚುಚಿತ್ರದ ಮೇಲೆ ಹೀಗೊಂದು ಅವಧಿ ಕಳೆದ ತರಗತಿ ಮುಂದೆ ಯಾವ ಚಿತ್ರಕ್ಕೂ ಸುಲಭವಾಗಿ ಮೋಸಹೋಗದು. ಆದರೆ ಪ್ರಚಲಿತ ಅಭಿಪ್ರಾಯ ಕೇಳುತ್ತಿರುವುದು ಇದನ್ನಲ್ಲ. ಅದಕ್ಕೆ ಬೇಕಾದದ್ದು ಗುಂಡಿ ಒತ್ತಿದರೆ ತಾನಾಗಿ ನಡೆಯುವ ಪಾಠ, ಶಿಕ್ಷಕರ ಕೊರತೆಯನ್ನು ಕಾಣದಂತೆ ಮುಚ್ಚುವ ಪರದೆ.

ಆದ್ದರಿಂದ ಚಿತ್ರದುರ್ಗ ಜಿಲ್ಲೆಯ ಸಮಾಜ ವಿಜ್ಞಾನ ಶಿಕ್ಷಕರಲ್ಲಿ, ಶಿಕ್ಷಣ ಇಲಾಖೆಯಲ್ಲಿ, ಸ್ಮಾರ್ಟ್ ಕ್ಲಾಸಿಗೆ ಹಣ ಕೊಡುವ ದಾನಿಗಳಲ್ಲಿ ಮಾಡಬೇಕಾದ ಕೋರಿಕೆ ಸ್ಪಷ್ಟವಾಗಿದೆ. ಬುಕಾನನ್ನನ ಪ್ರವಾಸದ ಚಿತ್ರದುರ್ಗ, ಹಿರಿಯೂರುಗಳ ಭಾಗ, ಆಯ್ದ ಕೈಫಿಯತ್ತುಗಳು, ಜಿಲ್ಲೆಯ ನಾಲ್ಕಾರು ಶಾಸನಗಳು, ಹಳೆಯ ಸರ್ವೆ ಟಿಪ್ಪಣಿಯ ಒಂದು ಪುಟ, ಎರಡು ಗಣತಿಗಳ ಅಂಕಿಗಳು, ಚಂದ್ರವಳ್ಳಿಯ ನಾಣ್ಯದ ಒಂದು ಛಾಯಾಚಿತ್ರ ಇಷ್ಟನ್ನು ಕನ್ನಡದಲ್ಲಿ, ನೂರು ಪುಟ ಮೀರದ ಪುಸ್ತಿಕೆಯಾಗಿ ಅಚ್ಚುಮಾಡಿ ಹರಿಯಬ್ಬೆಯಿಂದ ಹೊಳಲ್ಕೆರೆಯವರೆಗಿನ ಪ್ರತಿ ಪ್ರೌಢಶಾಲೆಗೆ ತಲುಪಿಸಿ. ಅದರ ಜೊತೆಗೆ ಶಾಲೆಗೊಂದು 33 ಅಡಿಯ ಹಗ್ಗವನ್ನೂ ಕೊಡಿ.